ಕನ್ನಡಿಯಲ್ಲಿ ಬಲಕ್ಕೆ ನಡೆದ ಹಂಸಗಳು

ಜಕಾರ್ಡ್ ಪೆಟ್ಟಿ ನಮ್ಮ ಮನೆಗೆ ಬಂದ ದಿನ ನಾನು ಒಂದು ಕಡೆ ಕೂತಿದ್ದರೆ ಕೇಳಿ. ಒಲೆಯ ಮೇಲೆ ಸಾರು, ಕೈಯಲ್ಲಿ ಪೊರಕೆ, ಕಣ್ಣು ಮಾತ್ರ ಮಗ್ಗದ ಮೇಲೆ. ಸಾರು ಉಕ್ಕಿ ಒಲೆ ಆರಿತು. ಆರಲಿ ಎಂದೆ. ಕೊಯಮತ್ತೂರಿನ ನಮ್ಮ ನೇಕಾರರ ಬೀದಿಗೆ ಅಂಥದೊಂದು ಪೆಟ್ಟಿ ಬಂದದ್ದು ಅದೇ ಮೊದಲು. ಪಂಪು ಮೋಟಾರು ಮಾಡುವ ಯಾವುದೋ ಶೆಡ್ಡಿನಲ್ಲಿ ಅದನ್ನೂ ಎರಕ ಹೊಯ್ದಿದ್ದರು. ನಾಲ್ಕು ಜನ ಹಗ್ಗ ಕಟ್ಟಿ ಮೇಲೆತ್ತಿ ಮಗ್ಗದ ನೆತ್ತಿಯ ಮೇಲೆ ಕೂರಿಸಿದಾಗ ಸೂರಿನಿಂದ ಧೂಳು ಸುರಿಯಿತು.

ಅದು ಐವತ್ತರ ದಶಕ. ಮದುವೆಯಾಗಿ ನಾನು ಆ ಬೀದಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ತವರು ಮೆಟ್ಟುಪಾಳ್ಯಂ. ಅಪ್ಪ ಅಲ್ಲಿನ ತರಕಾರಿ ಮಂಡಿಯಲ್ಲಿ ಗುಮಾಸ್ತ, ನಾನು ಹೈಸ್ಕೂಲು ಮುಗಿಸಿದವಳು. ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ, ಓದಿದ್ದು ತಮಿಳು ಮತ್ತು ಇಂಗ್ಲಿಷು. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ಕಲಿತದ್ದು ತಲೆ ನರೆತ ಮೇಲೆ.

ನನ್ನ ಗಂಡನಿಗೆ ಎಡಗಾಲಿನಲ್ಲಿ ಶಕ್ತಿಯಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಸೊರಗಿದ ಕಾಲು. ಗುಂಡಿಮಗ್ಗದಲ್ಲಿ ಕಾಲಡಿಗೆ ಎರಡು ಹಲಗೆ ಇರುತ್ತವೆ, ಎಡಗಾಲು ಬಲಗಾಲು ಒಂದಾದ ಮೇಲೊಂದು ತುಳಿಯಬೇಕು. ಅದು ಇವರಿಂದಾಗದು. ಹಾಗಾಗಿ ನೇಕಾರರ ಮನೆಯಲ್ಲಿ ಹುಟ್ಟಿಯೂ ಇವರು ನೇಯ್ದವರಲ್ಲ. ನಾಲ್ಕು ಮನೆ ಆಚೆ ಇದ್ದ ಅಣ್ಣನಿಗೆ, ಅಂದರೆ ನನ್ನ ಭಾವನಿಗೆ, ಕಂಡಿಕೆ ಸುತ್ತಿಕೊಡುತ್ತಿದ್ದರು. ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿ ಅದು, ನಮ್ಮಲ್ಲಿ ಹೆಂಗಸರೂ ಮುದುಕರೂ ಮಾಡುವ ಕೆಲಸ. ನಮ್ಮ ಮನೆಯಲ್ಲಿದ್ದ ಮಾವನವರ ಮಗ್ಗ ಖಾಲಿ ಬಿದ್ದಿತ್ತು. ಅದರ ಗುಂಡಿಯಲ್ಲಿ ನಾನು ಈರುಳ್ಳಿ ಇಡುತ್ತಿದ್ದೆ.

ನೇಕಾರರ ಸೊಸೈಟಿಯವರು ಪೆಟ್ಟಿಯೊಂದನ್ನು ಪರೀಕ್ಷೆಗೆ ಕೊಡುತ್ತೇವೆ ಎಂದಾಗ ಇವರು ಯಾರನ್ನೂ ಕೇಳದೆ ಹೋಗಿ ಹೆಸರು ಕೊಟ್ಟು ಬಂದರು. ಮಾತು ಕಡಿಮೆಯ ಮನುಷ್ಯ. ಅವತ್ತು ಮಾತ್ರ ಊಟಕ್ಕೆ ಕೂತು ಎರಡು ಸಲ ಹೇಳಿದರು.

“ಅದಕ್ಕೆ ಒಂದೇ ಹಲಗೆ. ಕೇಳಿಸ್ತಾ? ಒಂದೇ ಕಾಲು ಸಾಕು.”

ಪೆಟ್ಟಿಯ ಗುಟ್ಟೇ ಅದು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ಕಾಲು ಹೇಳಬೇಕಿಲ್ಲ, ತೂತು ಹೊಡೆದ ಅಟ್ಟೆಗಳು ಹೇಳುತ್ತವೆ. ಅಟ್ಟೆ ಎಂದರೆ ದಪ್ಪ ಕಾಗದದ ಉದ್ದನೆಯ ಪಟ್ಟಿ. ತೂತಿದ್ದಲ್ಲಿ ಪೆಟ್ಟಿಯೊಳಗಿನ ಕೊಕ್ಕೆ ತನ್ನ ಎಳೆಗಳನ್ನು ಹಿಡಿದೆತ್ತುತ್ತದೆ, ತೂತಿಲ್ಲದಲ್ಲಿ ಬಿಡುತ್ತದೆ. ನೇಕಾರ ಹಲಗೆ ಒತ್ತಿ ಲಾಳಿ ಎಸೆದರಾಯಿತು. ಒಂದು ಪಾವು, ಅಂದರೆ ಕೆಲವು ಸೀರೆಗಾಗುವಷ್ಟು ಒಮ್ಮೆಗೇ ಹೂಡಿದ ಉದ್ದೆಳೆಗಳ ಹಾಸು, ಮುಗಿಯುವುದರೊಳಗೆ ಸರಿಯಾದ ಸೀರೆ ತೋರಿಸಬೇಕು. ತೋರಿಸಿದರೆ ಪೆಟ್ಟಿ ನಮ್ಮದು. ಇಲ್ಲವಾದರೆ ಅದು ಭಾವನ ಮನೆಗೆ ಹೋಗುತ್ತದೆ, ಇವರು ಮತ್ತೆ ಕಂಡಿಕೆಗೆ ಕೂರಬೇಕು. ಹಾಗೆಂದು ಸೊಸೈಟಿಯ ಡಿಸೈನ್ ಮಾಸ್ಟರು ಎಲ್ಲರ ಮುಂದೆ ಹೇಳಿದ್ದರು.

ಮಾಸ್ಟರು ಒಂದು ಇಂಗ್ಲಿಷ್ ಪುಸ್ತಕವನ್ನೂ ಕೊಟ್ಟರು. ಚೌಕುಳಿ ಕಾಗದದ ಮೇಲೆ ಬರೆದ ಚಿತ್ರಗಳು, ಪ್ರತಿ ಚಿತ್ರದ ಕೆಳಗೆ ಅಟ್ಟೆಗೆ ಹೇಗೆ ತೂತು ಹೊಡೆಯಬೇಕೆಂಬ ವಿವರ. ಅದರಲ್ಲಿ ಸಾಲಾಗಿ ನಡೆಯುವ ಹಂಸಗಳ ಮಾದರಿಯೊಂದಿತ್ತು. ಅದನ್ನೇ ಮುಂದಾಣಿಗೆ ನೇಯಬೇಕೆಂದರು. ಮುಂದಾಣಿ ಎಂದರೆ ಸೆರಗು. ಸೊಸೈಟಿಗೆ ಬೇಕಾಗಿದ್ದದ್ದು ಮದುವೆ ಸೀರೆ, ಹಂಸ ಬಲಕ್ಕೇ ನಡೆಯಬೇಕು. ನಮ್ಮವರಿಗೆ ಅದು ಬಹಳ ಮುಖ್ಯ, ಗುಡಿ ಸುತ್ತುವಾಗ ಹೇಗೋ ಹಾಗೆ. ಎಡಕ್ಕೆ ಹೋಗುವ ಹಂಸವನ್ನು ಹೆತ್ತವರು ಮಗಳ ಹೆಗಲ ಮೇಲೆ ಹಾಕುವುದಿಲ್ಲ.

ಪುಸ್ತಕ ಓದುವುದು ನನ್ನ ಪಾಲಿಗೆ ಬಂತು. ಓದಿದಷ್ಟೂ ನನಗೆ ಮೈ ಪರಚಿಕೊಳ್ಳುವಂತಾಯಿತು. ಪುಸ್ತಕದವನ ಪೆಟ್ಟಿಗೆ ನಾನೂರು ಕೊಕ್ಕೆ, ನಮ್ಮದಕ್ಕೆ ಇನ್ನೂರನಲವತ್ತು. ಅವನ ಎಣಿಕೆ ಹಿಂದಿನ ಮೂಲೆಯಿಂದ ಶುರು, ನಮ್ಮ ಸೂರು ತಗ್ಗೆಂದು ಪೆಟ್ಟಿಯನ್ನು ತಿರುಗಿಸಿ ಕೂರಿಸಿದ್ದರಿಂದ ನಮ್ಮದು ಮುಂದಿನ ಮೂಲೆಯಿಂದ. ಇದ್ದದ್ದನ್ನು ಇದ್ದ ಹಾಗೆ ಹೊಡೆದರೆ ಹಂಸದ ಕೊರಳು ಒಂದು ಕಡೆ, ಕಾಲು ಇನ್ನೊಂದು ಕಡೆ ಬೀಳುತ್ತಿತ್ತು. ಬಾಲ ಕತ್ತರಿಸಿದೆ, ಎದೆ ಸಣ್ಣ ಮಾಡಿದೆ, ಎರಡು ಹಂಸಗಳ ನಡುವಿನ ಹೂವನ್ನು ಕಿತ್ತೆಸೆದೆ. ಬರೆಯುವುದು, ಒರೆಸುವುದು, ಎದ್ದು ಬಾಗಿಲಿಗೆ ಹೋಗುವುದು, ಮತ್ತೆ ಬಂದು ಕೂರುವುದು. ಪಾಲಕ್ಕಾಡಿನ ಕಡೆಯಿಂದ ಗಾಳಿ ಬೀಸುವ ಕಾಲ ಬೇರೆ, ಕಾಗದ ಹಾರಿಹೋಗದಂತೆ ಮೇಲೆ ಒಂದೊಂದು ಈರುಳ್ಳಿ ಇಟ್ಟುಕೊಂಡಿದ್ದೆ.

“ಸ್ವಲ್ಪ ನಿಧಾನ ಮಾಡು,” ಎಂದರು ಇವರು.

“ನಿಧಾನ ಮಾಡೋಕೆ ಪಾವು ಕಾಯುತ್ತಾ?” ಎಂದೆ.

ಅಟ್ಟೆಗಳನ್ನು ನಾನೇ ಹೊಡೆದೆ. ಕೈಯಲ್ಲಿ ಉಳಿ, ಸುತ್ತಿಗೆ, ಕೆಳಗೆ ತೂತಿನ ತಗಡು. ಎಲ್ಲವನ್ನೂ ದಾರದಲ್ಲಿ ಹೊಲಿದು ಮಾಲೆ ಮಾಡಿ ಪೆಟ್ಟಿಗೆ ಹಾಕಿದೆವು. ಇವರು ಗುಂಡಿಯೊಳಗೆ ಇಳಿದು ಕೂತು ಬಲಗಾಲಿನಲ್ಲಿ ಹಲಗೆ ಒತ್ತಿದರು. ಎಳೆಗಳು ಎದ್ದವು. ಲಾಳಿ ಒಮ್ಮೆ ಹೋಯಿತು, ಇನ್ನೊಮ್ಮೆ ಹೋಯಿತು. ಹೀಗೆ ಸ್ವಲ್ಪ ಹೊತ್ತಾದ ಮೇಲೆ ನೋಡುತ್ತೇನೆ, ಇವರ ತೊಡೆ ನಡುಗುತ್ತಿದೆ, ಮುಖದಲ್ಲಿ ಬೆವರು, ತುಟಿ ಕಚ್ಚಿ ಹಿಡಿದಿದ್ದಾರೆ.

ಆಗಿದ್ದು ಇಷ್ಟು. ಪೆಟ್ಟಿಯಿಂದ ಇಳಿಬಿಟ್ಟ ಒಂದೊಂದು ದಾರದ ತುದಿಗೂ ಒಂದು ಕಬ್ಬಿಣದ ಕಡ್ಡಿ ತೂಗುತ್ತದೆ, ಎದ್ದ ಎಳೆ ಮತ್ತೆ ಇಳಿಯಲೆಂದು. ಎಳೆ ಎತ್ತುವುದೆಂದರೆ ಆ ಕಬ್ಬಿಣವನ್ನೂ ಎತ್ತುವುದು. ಪುಸ್ತಕದ ಮಾದರಿಯಲ್ಲಿ ಹಂಸದ ಸುತ್ತಲಿನ ನೆಲವೆಲ್ಲ ಹಾಸಿನ ಎಳೆಗಳೇ ಮೇಲೆ ಕಾಣುವಂಥದ್ದು, ಪ್ರತಿ ಸಲ ಮುಕ್ಕಾಲು ಪಾಲು ಎಳೆ ಮೇಲೇಳಬೇಕು. ಎರಡು ಕಾಲು ಗಟ್ಟಿಯಿದ್ದವನು ಒಂದನ್ನು ಊರಿ ಇನ್ನೊಂದರಲ್ಲಿ ಒತ್ತುತ್ತಾನೆ. ಇವರಿಗೆ ಊರಲು ಎಡಗಾಲಿಲ್ಲ.

ಅಷ್ಟರಲ್ಲಿ ಭಾವ ಬಂದರು. ನಮ್ಮಲ್ಲಿನ ಕಟ್ಟಳೆಯಂತೆ ತಮ್ಮನ ಹೆಂಡತಿಯೊಡನೆ ಅವರು ಎದುರಿಗೆ ಮಾತಾಡುವಂತಿರಲಿಲ್ಲ, ನಾನೂ ಅವರೊಡನೆ ಆಡುವಂತಿರಲಿಲ್ಲ. ನನಗೆ ಹೇಳಬೇಕಾದ್ದನ್ನು ಅವರು ಕಂಬಕ್ಕೆ ಹೇಳುತ್ತಿದ್ದರು.

“ಒಂದೇ ಹಲಗೆ ಅಂತ ಕುಣಿದ್ರಲ್ಲ,” ಎಂದರು ಕಂಬಕ್ಕೆ. “ಆ ಹಲಗೆ ಎಷ್ಟು ತೂಕ ಅಂತ ಪುಸ್ತಕದಲ್ಲಿ ಬರೆದಿರಲಿಲ್ವಾ? ಇವನ ಇದ್ದ ಒಂದು ಕಾಲನ್ನೂ ಕಳೀತಾರೆ.”

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. “ಕಳೆಯೋದಿದ್ರೆ ನಮ್ಮದೇ ತಾನೆ,” ಎಂದೆ ನಾನೂ ಅದೇ ಕಂಬಕ್ಕೆ. ಅವತ್ತು ಗುಂಡಿಯಿಂದ ಮೇಲೇಳಲು ಇವರು ನನ್ನ ಹೆಗಲು ಹಿಡಿದರು. ಹಿಡಿದ ಕೈ ತಣ್ಣಗಿತ್ತು.

ಮರುದಿನವೆಲ್ಲ ನಾನು ಪುಸ್ತಕವನ್ನು ಬೈದುಕೊಂಡು ಓಡಾಡಿದೆ. ಬರೆದವನ ಮಗ್ಗವನ್ನು ಎಂಜಿನ್ನು ತುಳಿಯುತ್ತಿತ್ತು, ಅವನಿಗೇನು, ಎಷ್ಟು ಎಳೆ ಎತ್ತಿದರೂ ಅವನ ತೊಡೆ ನೋಯುವುದಿಲ್ಲ. ಅವನ ಮಾತು ಅವನ ಯಂತ್ರಕ್ಕೆ ಸರಿ. ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಿದ್ದೆ, ಕೊಡ ತುಂಬಿ ಸುರಿಯುತ್ತಿತ್ತು, ಹಿಂದಿದ್ದವಳು ಬೈಯುತ್ತಿದ್ದಳು. ಆಗ ಹೊಳೆಯಿತು. ಮುಕ್ಕಾಲು ಪಾಲು ಎಳೆ ಮೇಲೆ, ಕಾಲು ಪಾಲು ಕೆಳಗೆ ಅಲ್ಲವೇ? ಅದನ್ನೇ ತಿರುವಿದರೆ? ಪುಸ್ತಕ ತೂತು ಹೊಡಿ ಎಂದಲ್ಲಿ ಬಿಡುವುದು, ಬಿಡು ಎಂದಲ್ಲಿ ಹೊಡೆಯುವುದು. ಬಟ್ಟೆ ಬೋರಲಾಗಿ ಬರುತ್ತದೆ, ಚೆಂದದ ಮುಖ ಕೆಳಕ್ಕೆ, ಒರಟು ಬೆನ್ನು ಮೇಲಕ್ಕೆ. ಆದರೆ ಎತ್ತಬೇಕಾದ್ದು ಕಾಲು ಪಾಲು ಮಾತ್ರ. ಕೊಡ ಅಲ್ಲೇ ಬಿಟ್ಟು ಮನೆಗೆ ಬಂದೆ.

ಎಲ್ಲ ಅಟ್ಟೆಗಳನ್ನೂ ಹೊಸದಾಗಿ ಹೊಡೆದೆ. ಬಲಗೈ ಬೆರಳುಗಳಲ್ಲಿ ಬೊಬ್ಬೆ ಎದ್ದು, ಇವರೇ ಅನ್ನ ಕಲಸಿ ಕೊಟ್ಟರು. ಹೊಸ ಮಾಲೆ ಹಾಕಿ ಹಲಗೆ ಒತ್ತಿದಾಗ ಇವರು ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ಕಣ್ಣಲ್ಲಿದೆ.

“ಏನೂ ತೂಕವೇ ಇಲ್ಲ,” ಎಂದರು. ನಂಬಿಕೆಯಾಗದೆ ಇನ್ನೊಮ್ಮೆ ಒತ್ತಿದರು. “ಇಷ್ಟೇನಾ?”

ಮೇಲಿನಿಂದ ನೋಡಿದರೆ ಬರೀ ಬೆನ್ನು, ಹಂಸವೋ ಬಾತುಕೋಳಿಯೋ ತಿಳಿಯದು. ಮುಖ ನೋಡಲು ಬಟ್ಟೆಯ ಕೆಳಗೆ ಕನ್ನಡಿ ಹಿಡಿಯಬೇಕು, ಬೋರಲು ನೇಯುವವರೆಲ್ಲ ಮಾಡುವುದು ಹಾಗೆಯೇ. ನನ್ನ ಮುಖ ನೋಡುವ ಕನ್ನಡಿಯನ್ನೇ ತಂದು ಗುಂಡಿಯ ಅಂಚಿಗೆ ಆನಿಸಿದೆ, ಪಕ್ಕದಲ್ಲಿ ಚಿಮಣಿ ದೀಪ ಇಟ್ಟೆ. ಕನ್ನಡಿಯೊಳಗೆ ಹಂಸಗಳು ಸಾಲಾಗಿ, ಬಾಲ ಮೊಂಡಾದರೂ ಕೊರಳೆತ್ತಿ, ಬಲಕ್ಕೆ ನಡೆಯುತ್ತಿದ್ದವು. ನಾನು ಅತ್ತುಬಿಟ್ಟೆ. ಇವರು ನಕ್ಕರು. ಮುಂದಾಣಿ ಮುಗಿಯುವವರೆಗೂ ಸಾಲಿಗೊಮ್ಮೆ ಕನ್ನಡಿ ನೋಡಿಕೊಂಡೆವು, ಒಂದು ಎಳೆಯೂ ತಪ್ಪಿರಲಿಲ್ಲ. ಅಲ್ಲಿಂದ ಮುಂದೆ ಸೀರೆಯ ಒಡಲು. ಬೀದಿಯಲ್ಲಿ ಹೋಗುವವರು ನಿಂತು, ಈ ಮನೆಯಿಂದ ಮಗ್ಗದ ಸದ್ದು ಬರುತ್ತಿದೆಯಲ್ಲ ಎಂದು ಇಣುಕಿ ಹೋಗುತ್ತಿದ್ದರು.

ಮೊದಲ ಸೀರೆಯನ್ನು ಕತ್ತರಿಸುವ ದಿನ ಮನೆಯ ಹಿರಿಯನು ಕರ್ಪೂರ ಹಚ್ಚಬೇಕು. ಹೊಸ ಮಗ್ಗದ ಮೊದಲ ಸೀರೆ ನಮ್ಮ ಕುಲದೇವಿ ಚೌಡಮ್ಮನಿಗೆ, ಅದು ನಮ್ಮಲ್ಲಿ ಬಿಡುವಂತಿಲ್ಲದ ಪದ್ಧತಿ. ಭಾವ ಬಂದು ಕರ್ಪೂರ ಹಚ್ಚಿದರು. ಇವರು ಸೀರೆ ಕತ್ತರಿಸಿ, ಚಾಪೆಯ ಮೇಲೆ ಮಗುಚಿ ಹಾಸಿದರು.

ಹಂಸಗಳು ಎಡಕ್ಕೆ ನಡೆಯುತ್ತಿದ್ದವು.

ನಾನು ಸೀರೆಯ ಈ ಕಡೆ ಬಂದು ನಿಂತೆ, ಆ ಕಡೆ ಹೋಗಿ ನಿಂತೆ. ಆ ಕಡೆಯಿಂದ ಹಂಸಗಳು ತಲೆಕೆಳಗು, ನೆಟ್ಟಗೆ ಕಾಣುವ ಕಡೆಯಿಂದ ಎಡಕ್ಕೇ. ಕನ್ನಡಿಯಲ್ಲಿ ಬಲಕ್ಕಿದ್ದದ್ದನ್ನು ಈ ಕಣ್ಣಾರೆ ಕಂಡಿದ್ದೆ.

“ಎಡಕ್ಕೆ ಹೊರಟಿವೆ,” ಎಂದರು ಭಾವ. ಈ ಸಲ ಕಂಬದ ಕಡೆಗೂ ನೋಡಲಿಲ್ಲ. “ಪುಸ್ತಕವನ್ನ ತಿರುವೋಕೆ ಹೋದ್ರೆ ಹಿಂಗೇ. ಇದನ್ನ ತಾಯಿಗೆ ಉಡಿಸ್ತಾರಾ? ಪಕ್ಕಕ್ಕಿಡಿ. ಮುಂದಿನ ಸೀರೇನ ಮೊದಲಿನದು ಅಂತ ಕೊಟ್ರಾಯ್ತು.”

ಇವರು ಸೀರೆಯನ್ನು ಮಡಿಸಿದರು. “ಮೊದಲನೇದು ಆ ತಾಯಿದು ಅಣ್ಣ. ನಾನು ಮೊದಲು ನೇಯ್ದದ್ದು ಇದು. ಬೇರೆದನ್ನ ತೋರಿಸಿ ಇದೇ ಮೊದಲನೇದು ಅಂತ ಅವಳಿಗೇ ಸುಳ್ಳು ಹೇಳ್ಲಾ?” ಹಾಗೆಂದು, ಸೀರೆಯನ್ನು ತಟ್ಟೆಯಲ್ಲಿಟ್ಟುಕೊಂಡು ಕುಂಟುತ್ತಾ ಗುಡಿಗೆ ಹೊರಟೇಬಿಟ್ಟರು. ಪೂಜಾರಿ ಕೇಳಿದ್ದಕ್ಕೆ ನಡೆದದ್ದನ್ನು ಹೇಳಿದರಂತೆ. ಪೂಜಾರಿ ಸೀರೆ ತೆಗೆದುಕೊಂಡು ಕುಂಕುಮ ಕೊಟ್ಟರಂತೆ. ಭಾವ ಮಾತ್ರ ನಮ್ಮ ಮನೆಯಿಂದ ನೇರ ಸೊಸೈಟಿಯ ಕಡೆ ಹೋದರು.

ಆ ಸಂಜೆ ನಾನು ಕನ್ನಡಿಯನ್ನು ಒಡೆದುಹಾಕಬೇಕೆಂದಿದ್ದೆ. ಎತ್ತಿಕೊಂಡೂ ಇದ್ದೆ. ಆಮೇಲೆ ಹಾಗೇ ಕೂತು ನನ್ನ ಅಂಗೈಯನ್ನು ಮಗುಚಿ ನೋಡಿದೆ. ಅಂಗೈ ಮಗುಚಿದರೆ ಹೆಬ್ಬೆರಳು ಆ ಕಡೆಯಿಂದ ಈ ಕಡೆಗೆ ಬರುತ್ತದಲ್ಲ, ಬಟ್ಟೆಯೂ ಅಷ್ಟೇ. ಬೋರಲು ನೇಯ್ದದ್ದನ್ನು ಮಗುಚಿದಾಗ ಬಲದ್ದು ಎಡಕ್ಕೆ ಬಂತು. ಕನ್ನಡಿ ಇನ್ನೊಂದು ಸಲ ತಿರುಗಿಸಿ ತೋರಿಸುವುದರಿಂದ ನಮಗೆ ಎಲ್ಲ ಸರಿಯಾಗಿದ್ದಂತೆ ಕಂಡಿತ್ತು. ಮುಖವನ್ನೂ ಬೆನ್ನನ್ನೂ ತಿರುವಿದ್ದೆ, ಬಲವನ್ನೂ ಎಡವನ್ನೂ ತಿರುವಲು ಮರೆತಿದ್ದೆ. ಇದು ಪುಸ್ತಕದವನು ಮಾಡಿದ ತಪ್ಪಲ್ಲ, ಅವನು ಬೋರಲು ನೇಯಿ ಎಂದು ಎಲ್ಲೂ ಹೇಳಿರಲಿಲ್ಲ.

ಮತ್ತೆ ಹೊಸ ಅಟ್ಟೆ ಹೊಡೆಯಲು ಅಟ್ಟೆಯೂ ಉಳಿದಿರಲಿಲ್ಲ, ಬೆರಳೂ ಉಳಿದಿರಲಿಲ್ಲ. ಇವರೇ ಒಂದು ಅಟ್ಟೆ ಕೈಯಲ್ಲಿ ಹಿಡಿದು ಸುಮ್ಮನೆ ಆ ತುದಿ ಈ ತುದಿ ತಿರುಗಿಸುತ್ತಾ ಕೂತಿದ್ದರು. ನನಗೆ ರೇಗಿತು, “ಅದನ್ನ ಯಾಕೆ ಬೀಸಣಿಗೆ ಮಾಡ್ಕೊಂಡಿದೀರಿ,” ಎಂದೆ. ಬಾಯಿ ಮುಚ್ಚುವ ಮೊದಲೇ ನನಗೂ ಕಂಡಿತು, ಅವರಿಗೂ ಕಂಡಿತು. ಅಟ್ಟೆಯ ಬಲತುದಿಯನ್ನು ಎಡಕ್ಕೆ ಹಾಕಿದರೆ ಮೊದಲ ತೂತು ಕೊನೆಯದಾಗುತ್ತದೆ, ಕೊನೆಯದು ಮೊದಲಾಗುತ್ತದೆ. ಹೊಡೆಯುವುದೇ ಬೇಡ, ಮಾಲೆ ಬಿಚ್ಚಿ ಒಂದೊಂದನ್ನೂ ತಿರುಗಿಸಿ ಮತ್ತೆ ಹೊಲಿದರೆ ಸಾಕು.

ಮರುದಿನ ಅಮಾವಾಸ್ಯೆ. ಅವತ್ತು ನಮ್ಮ ಬೀದಿಯಲ್ಲಿ ಯಾವ ಮಗ್ಗವೂ ಆಡುವುದಿಲ್ಲ. ಮಗ್ಗ ಮುಟ್ಟಬಾರದು, ಸರಿ, ಸೂಜಿ ಮುಟ್ಟಬಾರದೆಂದು ಯಾರೂ ಹೇಳಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಇಬ್ಬರೂ ಜಗುಲಿಯಲ್ಲಿ ಎದುರುಬದುರು ಕೂತು ಹೊಲಿದೆವು. ಊಟಕ್ಕೆ ಏಳಲೂ ನನಗೆ ಮನಸ್ಸಿರಲಿಲ್ಲ, ಬೀದಿಯ ತುದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದರೆ ಮಾಸ್ಟರೇ ಬಂದರೆಂದು ಎದ್ದು ನೋಡುತ್ತಿದ್ದೆ.

ಅವರು ಬಂದದ್ದು ಅದರ ಮರುದಿನ, ಎರಡನೆಯ ಸೀರೆಯ ಮುಂದಾಣಿ ಮಗ್ಗದ ಮೇಲಿದ್ದಾಗ. ಹಿಂದೆ ತಳ್ಳುಗಾಡಿಯೊಂದಿಗೆ ಇಬ್ಬರು ಕೂಲಿಯವರು, ಪೆಟ್ಟಿ ಇಳಿಸಿ ಒಯ್ಯಲು. ಅವರ ಜೊತೆಗೆ ಭಾವ. ಇವರು ತಲೆ ಎತ್ತಲಿಲ್ಲ, ತುಳಿಯುತ್ತಲೇ ಇದ್ದರು.

ಮಾಸ್ಟರು ಮಗ್ಗದ ಮೇಲಿನ ಒರಟು ಬೆನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಎನ್ನಮ್ಮಾ ಇದು?” ಎಂದರು ತಮಿಳಿನಲ್ಲಿ. ಬೋರಲು ನೇಯುತ್ತಿದ್ದೇವೆ, ಕಾಲಿಗೆ ಹಗುರವಾಗಲೆಂದು ಎಂದೆ. ಅವರು ತಲೆಯಾಡಿಸಿ, ಬಾಗಿ, ಕೆಳಗಿದ್ದ ಕನ್ನಡಿಯನ್ನು ನೋಡಿದರು. ಭಾವನೂ ಬಾಗಿದರು. ಕನ್ನಡಿಯಲ್ಲಿ ಹಂಸಗಳು ಎಡಕ್ಕೆ ನಡೆಯುತ್ತಿದ್ದವು.

“ನೋಡಿ, ಇನ್ನೂ ಎಡಕ್ಕೇ,” ಎಂದರು ಭಾವ. ಮಾಸ್ಟರು ಬೇಸರದಿಂದ ಕೂಲಿಯವರ ಕಡೆ ತಿರುಗಿದರು.

ನಾನು ಬಾಗಿಲಿಗೆ ಅಡ್ಡ ನಿಂತೆ. ಭಾವ ಎದುರಿಗಿದ್ದಾರೆ, ಸೆರಗು ಜಾರಿದೆ, ಯಾವುದೂ ನೆನಪಿಲ್ಲ. “ಕನ್ನಡಿ ನೋಡಬೇಡಿ ಸಾರ್. ಕನ್ನಡಿ ನೋಡಿಯೇ ನಾವು ಕೆಟ್ಟದ್ದು. ಬಟ್ಟೆಯ ಕೆಳಗೆ ತಲೆ ಹಾಕಿ ನಿಮ್ಮ ಕಣ್ಣಿಂದ ನೋಡಿ. ಆಮೇಲೆ ಪೆಟ್ಟಿ ಇಳಿಸಿ.” ಇದೆಲ್ಲ ತಮಿಳಿನಲ್ಲೇ ಬಂತು. ಸಿಟ್ಟು ಬಂದರೆ ನನಗೆ ತಮಿಳೇ ಬರುವುದು.

ಮಾಸ್ಟರು ತಮ್ಮ ಬಿಳಿ ಅಂಗಿಯನ್ನೊಮ್ಮೆ ನೋಡಿಕೊಂಡರು. ಇವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಮಾಸ್ಟರು ಗುಂಡಿಯೊಳಗೆ ಇಳಿದು ಕೂತು, ಬಟ್ಟೆಯ ಕೆಳಗೆ ತಲೆ ತೂರಿಸಿ, ಕತ್ತು ಹೊರಳಿಸಿ ಮೇಲೆ ನೋಡಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಕೈಗೆ ಸಿಕ್ಕ ನೂಲಿನ ತುಂಡನ್ನು ಹರಿದು ಹರಿದು ಪುಡಿ ಮಾಡಿದೆ. ಕೊನೆಗೆ ಕೆಳಗಿನಿಂದಲೇ ಅವರ ದನಿ ಕೇಳಿತು. “ಬಲಕ್ಕೇ ಹೋಗುತ್ತಿದೆ.” ಹೊರಗೆ ಬಂದು, ಕೂದಲಿಗೆ ಹತ್ತಿದ ಹತ್ತಿ ಕೊಡವುತ್ತಾ, “ನಾನೂ ಕನ್ನಡಿಯನ್ನೇ ನಂಬಿದೆನಲ್ಲ,” ಎಂದು ನಕ್ಕರು. ಗಾಡಿ ಖಾಲಿ ಹೋಯಿತು. ಆ ಪಾವಿನ ಉಳಿದ ಸೀರೆಗಳನ್ನು ಸೊಸೈಟಿ ತೆಗೆದುಕೊಂಡಿತು, ಪೆಟ್ಟಿ ನಮ್ಮ ಸೂರಿನ ಕೆಳಗೇ ಉಳಿಯಿತು.

ಭಾವ ಆಮೇಲೆ ನಮ್ಮ ಕಡೆ ಬರಲಿಲ್ಲ. ಬರದಿದ್ದರೆ ಬೇಡ ಎಂದು ನಾನು ಹಾಯಾಗಿದ್ದೆ. ತಮ್ಮನ ಕಾಲನ್ನು ಆಡಿಕೊಂಡವರು, ಗಾಡಿ ತಂದವರು, ನನಗೆ ಅವರ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಇವರು ಮಾತ್ರ ನೇಯ್ಗೆಯ ನಡುವೆ ಆಗಾಗ ಬೀದಿಯ ಕಡೆ ನೋಡುತ್ತಿದ್ದರು.

ಹೊಸ ಪಾವು ಹೂಡಿದ ಮೇಲೆ ಒಂದು ಮಧ್ಯಾಹ್ನ ಭಾವ ಬಂದು ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ. ಕೈಯಲ್ಲಿ ಒಂದು ಕಂಡಿಕೆ, ನೂಲು ಸಡಿಲವಾಗಿ ಜೋತುಬಿದ್ದಿತ್ತು.

“ಮೂರು ಮನೇಲಿ ಕೊಟ್ಟು ಸುತ್ತಿಸಿ ನೋಡ್ದೆ,” ಎಂದರು. “ಲಾಳಿ ಎರಡು ಸಲ ಹೋಗೋದ್ರೊಳಗೆ ತುಂಡು. ನಿನ್ನ ಹಂಗೆ ಸುತ್ತೋರು ಈ ಬೀದೀಲೇ ಇಲ್ಲ. ನಮ್ಮಪ್ಪನ ಕೈಗೂ ಅಷ್ಟು ಹದ ಇರಲಿಲ್ಲ. ಇನ್ನು ನನಗೆ ಯಾರು ಸುತ್ತಿಕೊಡ್ತಾರೆ, ಹೇಳು.” ಪೆಟ್ಟಿ ತಮ್ಮನ ಮನೆಯಲ್ಲಿ ನಿಲ್ಲಬಾರದೆಂದು ಅವರು ಯಾಕಷ್ಟು ಓಡಾಡಿದರೆಂದು ನನಗೆ ಆಗ ಗೊತ್ತಾಯಿತು.

ಇವರ ಕಾಲು ಹಲಗೆಯ ಮೇಲೆ ನಿಂತುಬಿಟ್ಟಿತ್ತು.

“ಅಣ್ಣ,” ಎಂದರು, “ಇದನ್ನ ನೀನು ಒಂದೇ ಒಂದು ಸಲ ಮೊದಲೇ ಹೇಳಿದ್ದಿದ್ರೆ, ನಾನು ಈ ಪೆಟ್ಟಿಗೆ ಹೆಸರೇ ಕೊಡ್ತಿರಲಿಲ್ಲ.”

ನನ್ನ ಬೆರಳುಗಳ ಮೇಲೆ ಬೊಬ್ಬೆಯ ಗುರುತು ಆಗಿನ್ನೂ ಪೂರಾ ಮಾಸಿರಲಿಲ್ಲ. ಆ ಮಾತು ಕೇಳಿ ನನಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದು ಯಾರ ಮೇಲೆಂದು ತಿಳಿಯಲಿಲ್ಲ. ಭಾವ ಆ ಕಂಡಿಕೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಇವರು ಮತ್ತೆ ಹಲಗೆ ಒತ್ತಿದರು.